ಗೇರ್ ಇರುವ ಆಟೊಮ್ಯಾಟಿಕ್, ಗೇರ್ ಇಲ್ಲದ ಆಟೊಮ್ಯಾಟಿಕ್

(ಮಾತಾಡಿದ್ದನ್ನು ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಬೋರ್ಡಿನ ಮೇಲೆ ಬರೆದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಮಾತು ಶುರು ಮಾಡುವ ಮೊದಲು ಎದುರಿಗಿದ್ದವರಿಗೆ ಒಂದು ಪ್ರಶ್ನೆ ಹಾಕಿದೆ. ಕಾರು ವೇಗ ಹಿಡಿಯುತ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಸ್ಪೀಡೋಮೀಟರ್ ನೋಡಿ ಅಂತ ಒಬ್ಬರು ಅಂದರು. ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದಲ್ಲ, ಅದರಿಂದ ಅಂತ ಇನ್ನೊಬ್ಬರು. ಕಿಟಕಿಯಾಚೆ ಮರಗಳು ಓಡುತ್ತವೆ ಅಂತ ಮುಂದಿನ ಸಾಲಿನ ಒಬ್ಬ ಹುಡುಗ. ಎಲ್ಲವೂ ಸರಿ. ಆದರೆ ಕಿವಿಯಿಂದ ಅಂತ ಯಾರೂ ಹೇಳಲಿಲ್ಲ. ನಾನು ಕಾಯುತ್ತಿದ್ದ ಉತ್ತರ ಅದೇ ಆಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಗೇರ್‌ಬಾಕ್ಸ್ ಬಿಚ್ಚುವುದು, ಸರಿ ಮಾಡುವುದು, ಮತ್ತೆ ಜೋಡಿಸುವುದು ನನ್ನ ಕೆಲಸ. ಹಾಗಾಗಿ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ. "ಸಿವಿಟಿ ತಗೊಳ್ಳೋದಾ, ಮಾಮೂಲಿ ಆಟೊಮ್ಯಾಟಿಕ್ ತಗೊಳ್ಳೋದಾ?" ಸಿವಿಟಿ ಅಂದರೆ ಕಂಟಿನ್ಯುವಸ್ಲಿ ವೇರಿಯಬಲ್ ಟ್ರಾನ್ಸ್‌ಮಿಷನ್, ತಲೆಬರಹದಲ್ಲಿ ಹೇಳಿದ ಗೇರ್ ಇಲ್ಲದ ಆಟೊಮ್ಯಾಟಿಕ್. ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ತಪ್ಪಿಸಿಕೊಳ್ಳಬಹುದು. ಆದರೆ ಒಳಗೆ ಏನು ನಡೆಯುತ್ತದೆ ಅಂತ ನೋಡಿದವರಿಗೆ ನನ್ನ ಉತ್ತರ ಬೇಕಾಗುವುದಿಲ್ಲ. ಅದಕ್ಕೇ ಇವತ್ತು ಒಳಗೆ ಇಳಿಯೋಣ ಅಂದುಕೊಂಡೆ.

ಮೊದಲು, ಗೇರ್ ಯಾಕೆ ಬೇಕು? ಟೈರಿನ ಸುತ್ತಳತೆ ಸುಮಾರು 2 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ 1000 ಮೀಟರ್. ಹಾಗಾದರೆ ಚಕ್ರ ನಿಮಿಷಕ್ಕೆ 500 ಸುತ್ತು. ಎಂಜಿನ್‌ಗೆ ಅಷ್ಟು ನಿಧಾನವಾಗಿ ತಿರುಗಿ ಅಭ್ಯಾಸವೇ ಇಲ್ಲ. ಸುಮ್ನೆ ನಿಂತಿದ್ದಾಗಲೇ ಅದು 700, 800 ಸುತ್ತು ಹಾಕುತ್ತಿರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಆರಾಮಾಗಿ ಹೋಗುವಾಗ 1500 ಸುತ್ತು ಸಾಕು. ಆಗ ಎಂಜಿನ್ 3 ಸುತ್ತು ಹಾಕಿದರೆ ಚಕ್ರ 1 ಸುತ್ತು. ಅದೇ 60ರಲ್ಲಿ ಮುಂದಿನ ಲಾರಿಯನ್ನು ದಾಟಬೇಕು ಅನ್ನಿ. ಈಗ ಪೂರ್ತಿ ಶಕ್ತಿ ಬೇಕು. ಪೆಟ್ರೋಲ್ ಎಂಜಿನ್ ಪೂರ್ತಿ ಶಕ್ತಿ ಕೊಡುವುದು 5000 ದಾಟಿದ ಮೇಲೆ. ಅಲ್ಲಿಗೆ ಲೆಕ್ಕ 10ಕ್ಕೆ 1. ಕಾರಿನ ವೇಗ ಬದಲಾಗಿಲ್ಲ, ಬದಲಾಗಿದ್ದು ಎಂಜಿನ್ ಮತ್ತು ಚಕ್ರದ ನಡುವಿನ ಅನುಪಾತ ಮಾತ್ರ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಎಂಜಿನ್ ಮತ್ತು ಚಕ್ರದ ಸಂಸಾರ ಹಾಗೆ. ನಡುವೆ ನಿಂತು ರಾಜಿ ಮಾಡಿಸುವುದು ಗೇರ್‌ಬಾಕ್ಸ್. ಆ 3 ಮತ್ತು 10ರ ನಡುವೆ ಎಷ್ಟು ಕಡೆ ನಿಲ್ಲಬಹುದು ಅನ್ನುವುದೇ ಇವತ್ತಿನ ವಿಷಯ. ಮಾಮೂಲಿ ಆಟೊಮ್ಯಾಟಿಕ್ ಕೆಲವೇ ಕಡೆ ನಿಲ್ಲುತ್ತದೆ. ಸಿವಿಟಿ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಮಾಮೂಲಿ ಆಟೊಮ್ಯಾಟಿಕ್‌ನಲ್ಲಿ ಮುಖ್ಯವಾದದ್ದು ಎರಡು. ಮೊದಲನೆಯದು ಟಾರ್ಕ್ ಕನ್ವರ್ಟರ್. ಒಂದು ಬಕೆಟ್ ನೀರಿನಲ್ಲಿ ಕೈ ಹಾಕಿ ಜೋರಾಗಿ ಸುತ್ತಿಸಿ. ನೀರು ಸುಳಿಯಾಗುತ್ತದೆ. ಅದರ ಮೇಲೆ ಒಂದು ಎಲೆ ಬಿದ್ದಿದ್ದರೆ ಅದೂ ಸುತ್ತುತ್ತದೆ. ಕೈ ಎಲೆಯನ್ನು ಮುಟ್ಟಲೇ ಇಲ್ಲ, ಆದರೂ ತಿರುಗಿಸಿತು. ಕನ್ವರ್ಟರ್‌ನಲ್ಲಿ ಕೈಯ ಜಾಗದಲ್ಲಿ ಎಂಜಿನ್‌ಗೆ ಕಟ್ಟಿದ ರೆಕ್ಕೆಗಳ ಚಕ್ರ ಇರುತ್ತದೆ. ಎಲೆಯ ಜಾಗದಲ್ಲಿ ಗೇರ್‌ಬಾಕ್ಸ್‌ಗೆ ಕಟ್ಟಿದ ಇನ್ನೊಂದು ಚಕ್ರ, ಅಂದರೆ ಟರ್ಬೈನ್. ನೀರಿನ ಬದಲು ಎಣ್ಣೆ. ಕಾರು ಸಿಗ್ನಲ್‌ನಲ್ಲಿ ನಿಂತಿದ್ದರೂ ಎಂಜಿನ್ ಆಫ್ ಆಗುವುದಿಲ್ಲ, ಯಾಕೆಂದರೆ ಎಣ್ಣೆ ಜಾರಿಕೊಳ್ಳುತ್ತದೆ. ಕ್ಲಚ್ ಪೆಡಲ್ ಬೇಡವಾಗಿದ್ದು ಹೀಗೆ. ಎರಡು ಚಕ್ರಗಳ ನಡುವೆ ಸ್ಟೇಟರ್ ಅಂತ ಮೂರನೆಯದೊಂದಿದೆ. ಟರ್ಬೈನ್‌ಗೆ ಬಡಿದು ಉಲ್ಟಾ ಬರುವ ಎಣ್ಣೆಯ ದಿಕ್ಕನ್ನು ಅದು ತಿರುಗಿಸಿ, ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಈ ಸಣ್ಣ ಉಪಾಯದಿಂದ, ನಿಂತ ಕಾರು ಹೊರಡುವ ಆ ಕ್ಷಣದಲ್ಲಿ ಎಂಜಿನ್ ಕೊಟ್ಟ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು ಎರಡರಷ್ಟಾಗಿ ಹೊರಗೆ ಬರುತ್ತದೆ.

ಇದನ್ನು ಕಂಡುಹಿಡಿದದ್ದು ಕಾರಿಗಾಗಿ ಅಲ್ಲ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗಿಗಾಗಿ. ಹಡಗಿನ ಟರ್ಬೈನ್ ಜೋರಾಗಿ ತಿರುಗಬೇಕು, ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ಅಲ್ಲೂ ಎತ್ತು, ಕೋಣದ ಕತೆಯೇ.

ಎರಡನೆಯದು ಗ್ರಹ ಗೇರ್. ನಡುವೆ ಒಂದು ಸೂರ್ಯ, ಅದರ ಸುತ್ತ ಮೂರ್ನಾಲ್ಕು ಗ್ರಹಗಳು, ಎಲ್ಲದರ ಹೊರಗೆ ಒಳಮುಖ ಹಲ್ಲಿನ ಒಂದು ಉಂಗುರ. ಹೆಸರು ನಾನಿಟ್ಟದ್ದಲ್ಲ, ಇಂಗ್ಲಿಷಿನಲ್ಲೂ ಹಾಗೇ ಕರೆಯುತ್ತಾರೆ. ಗ್ರಹಗಳನ್ನೆಲ್ಲ ಹಿಡಿದಿಡುವ ಚೌಕಟ್ಟಿಗೆ ಕ್ಯಾರಿಯರ್ ಅಂತ ಹೆಸರು. ಇದರ ಮಜಾ ಏನು ಅಂದರೆ, ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಯಾವುದನ್ನೂ ಬಿಡಿಸಿ ಇನ್ನೊಂದಕ್ಕೆ ಸೇರಿಸಬೇಕಿಲ್ಲ. ಯಾವುದನ್ನು ಹಿಡಿದು ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ಅನುಪಾತ ಬದಲಾಗುತ್ತದೆ. ಸೂರ್ಯನಿಗೆ 30 ಹಲ್ಲು, ಉಂಗುರಕ್ಕೆ 60 ಹಲ್ಲು ಅಂತಿರಲಿ. ಉಂಗುರವನ್ನು ಹಿಡಿದು ಸೂರ್ಯನನ್ನು ತಿರುಗಿಸಿದರೆ, ಸೂರ್ಯ 3 ಸುತ್ತು ಹಾಕಿದಾಗ ಕ್ಯಾರಿಯರ್ 1 ಸುತ್ತು. ಸೂರ್ಯನನ್ನು ಹಿಡಿದು ಉಂಗುರವನ್ನು ತಿರುಗಿಸಿದರೆ ಒಂದೂವರೆಗೆ 1. ಯಾವುದಾದರೂ ಎರಡನ್ನು ಒಟ್ಟಿಗೆ ಕಟ್ಟಿಬಿಟ್ಟರೆ ಇಡೀ ಗುಂಪೇ ಒಂದಾಗಿ ತಿರುಗುತ್ತದೆ, 1ಕ್ಕೆ 1. ಕ್ಯಾರಿಯರ್ ಹಿಡಿದರೆ? ಉಂಗುರ ಉಲ್ಟಾ ತಿರುಗುತ್ತದೆ. ಅದೇ ರಿವರ್ಸ್. ಒಂದು ಹಿಡಿ ಜಾಗದಲ್ಲಿ ಮೂರು ಮುಂದಿನ ಗೇರ್, ಒಂದು ಹಿಂದಿನ ಗೇರ್! ಹಿಡಿಯುವ, ಬಿಡುವ ಕೆಲಸವನ್ನು ಎಣ್ಣೆಯ ಒತ್ತಡದಿಂದ ನಡೆಯುವ ಚಿಕ್ಕ ಕ್ಲಚ್‌ಗಳು ಮಾಡುತ್ತವೆ. ಇಷ್ಟು ವರ್ಷ ಕೆಲಸ ಮಾಡಿದ ಮೇಲೂ, ಬಿಚ್ಚಿದ ಗ್ರಹ ಗೇರ್ ಕೈಗೆ ಸಿಕ್ಕರೆ ಒಂದು ನಿಮಿಷ ಸುಮ್ನೆ ತಿರುಗಿಸಿ ನೋಡುತ್ತೇನೆ.

ಗ್ರಹ ಗೇರ್‌ನ ಆಟೊಮ್ಯಾಟಿಕ್ ಮೊದಲು ದೊಡ್ಡ ಮಟ್ಟದಲ್ಲಿ ಮಾರಾಟವಾದದ್ದು ಅಮೆರಿಕದಲ್ಲಿ. ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನಲ್ಲಿ ಹೈಡ್ರಾಮ್ಯಾಟಿಕ್ ತಂದಿತು. ನಾಲ್ಕು ಗೇರ್. ಮಹಾಯುದ್ಧದಲ್ಲಿ ಅದೇ ಗೇರ್‌ಬಾಕ್ಸ್ ಹಗುರ ಟ್ಯಾಂಕ್‌ಗಳಿಗೂ ಹೋಯಿತು. ಆದರೆ ನನಗೆ ಇಷ್ಟವಾದ ಕತೆ ಅದರ ನಂತರದ್ದು. ಅದೇ ಕಂಪನಿಯ ಬ್ಯೂಕ್ 1948ರಲ್ಲಿ ಡೈನಾಫ್ಲೋ ಅಂತ ಇನ್ನೊಂದನ್ನು ತಂದಿತು. ಅದು ತಾನಾಗಿ ಗೇರ್ ಬದಲಿಸುತ್ತಲೇ ಇರಲಿಲ್ಲ. ಡ್ರೈವ್‌ನಲ್ಲಿ ಹಾಕಿದರೆ ಒಂದೇ ಗೇರ್. ಉಳಿದದ್ದನ್ನೆಲ್ಲ ಟಾರ್ಕ್ ಕನ್ವರ್ಟರ್ ಜಾರುತ್ತಾ ಜಾರುತ್ತಾ ನೋಡಿಕೊಳ್ಳುತ್ತಿತ್ತು. ರೇಷ್ಮೆಯಂಥ ನಡೆ, ಒಂದು ಜರ್ಕ್ ಕೂಡ ಇಲ್ಲ. ಆದರೆ ಎಂಜಿನ್ ಮುಂದೆ ಕೂಗಿಕೊಂಡು ಹೋಗುತ್ತದೆ, ಕಾರು ಹಿಂದಿನಿಂದ ನಿಧಾನಕ್ಕೆ ಬರುತ್ತದೆ ಅಂತ ಜನ ಗೊಣಗಿದರು. ಈ ದೂರನ್ನು ನೆನಪಿಟ್ಟುಕೊಳ್ಳಿ. ಇವತ್ತು ಸಿವಿಟಿಗೆ ಹೇಳುವ ಮಾತನ್ನು ಜನ ಆಗಲೇ ಒಂದು ಮಾಮೂಲಿ ಆಟೊಮ್ಯಾಟಿಕ್‌ಗೆ ಹೇಳಿಬಿಟ್ಟಿದ್ದರು.

ಎಣ್ಣೆ ಜಾರುವುದು ಅಂದರೆ ಇಂಧನ ಶಾಖವಾಗಿ ಹೋಗುವುದು. ಹಾಗಾಗಿ ವೇಗ ಹಿಡಿದ ಮೇಲೆ ಕನ್ವರ್ಟರ್‌ನ ಎರಡು ಚಕ್ರಗಳನ್ನು ಕಚ್ಚಿ ಹಿಡಿಯುವ ಲಾಕಪ್ ಕ್ಲಚ್ ಬಂತು. ಪ್ಯಾಕಾರ್ಡ್ ಕಂಪನಿ ಇದನ್ನು 1949ರಲ್ಲೇ ಕೊಟ್ಟಿತ್ತು. ಉಳಿದವರಿಗೆ ಇದರ ನೆನಪಾಗಿದ್ದು 1970ರ ದಶಕದಲ್ಲಿ ಇಂಧನ ದುಬಾರಿಯಾದ ಮೇಲೆ. ಆಮೇಲೆ ಗೇರ್‌ಗಳ ಸಂಖ್ಯೆ ಏರತೊಡಗಿತು. ಬಹಳ ಕಾಲ ಮೂರೇ ಇದ್ದವು, ನಂತರ ನಾಲ್ಕು, ಐದು. 2001ರಲ್ಲಿ ಬಿಎಂಡಬ್ಲ್ಯೂ ಆರು, 2003ರಲ್ಲಿ ಮರ್ಸಿಡಿಸ್ ಏಳು, 2006ರಲ್ಲಿ ಲೆಕ್ಸಸ್ ಎಂಟು. 2017ರ ಹೊತ್ತಿಗೆ ಹತ್ತು. ಗೇರ್ ಜಾಸ್ತಿಯಾದಷ್ಟೂ ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಕಡಿಮೆ. ಇದೂ ನೆನಪಿರಲಿ.

ಈಗ ಸಿವಿಟಿ. ಎರಡು ಬುಗುರಿಗಳನ್ನು ಮೊಳೆಗೆ ಮೊಳೆ ಎದುರಾಗಿ ಮಲಗಿಸಿ ಇಟ್ಟಿದ್ದೀರಿ ಅಂದುಕೊಳ್ಳಿ. ನಡುವೆ ಇಳಿಜಾರಾದ ಒಂದು ಕಣಿವೆ ಆಗುತ್ತದೆ. ಆ ಕಣಿವೆಯಲ್ಲಿ ಒಂದು ಬೆಲ್ಟ್ ಕೂತಿದೆ. ಬುಗುರಿಗಳನ್ನು ಹತ್ತಿರ ತಂದರೆ ಕಣಿವೆ ಕಿರಿದಾಗಿ ಬೆಲ್ಟ್ ಮೇಲಕ್ಕೆ ಏರುತ್ತದೆ. ದೂರ ಸರಿಸಿದರೆ ಬೆಲ್ಟ್ ಒಳಕ್ಕೆ ಇಳಿಯುತ್ತದೆ. ಇಂಥದ್ದೊಂದು ಜೋಡಿ ಎಂಜಿನ್ ಕಡೆ, ಇನ್ನೊಂದು ಜೋಡಿ ಚಕ್ರದ ಕಡೆ. ಒಂದು ಕಡೆ ಬೆಲ್ಟ್ ಮೇಲೇರುವಾಗ ಇನ್ನೊಂದು ಕಡೆ ಇಳಿಯುತ್ತದೆ. ಇಷ್ಟೇ. ಇದರಲ್ಲಿ ಒಂದನೆಯ ಗೇರ್, ಎರಡನೆಯ ಗೇರ್ ಅನ್ನುವುದಿಲ್ಲ. 3 ಬೇಕೇ, 3.7 ಬೇಕೇ, 9.2 ಬೇಕೇ, ಎಲ್ಲವೂ ಇದೆ. ಗೇರ್ ಇಲ್ಲದ ಸ್ಕೂಟರ್ ಓಡಿಸಿದ್ದೀರಲ್ಲ? ಹಾಗಾದರೆ ಸಿವಿಟಿ ಓಡಿಸಿದ್ದೀರಿ. ಅದರಲ್ಲಿ ರಬ್ಬರ್ ಬೆಲ್ಟ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಕಾರಿನಲ್ಲೂ ಇದು ರಬ್ಬರ್ ಬೆಲ್ಟ್‌ನಿಂದಲೇ ಗೆದ್ದದ್ದು. ನೆದರ್ಲೆಂಡ್ಸ್‌ನ ಡಾಫ್ ಕಂಪನಿ 1958ರಲ್ಲಿ ಡಾಫ್ 600 ಅನ್ನುವ ಪುಟ್ಟ ಕಾರು ತೋರಿಸಿತು. ಎರಡು ಸಿಲಿಂಡರ್, 590 ಸಿಸಿ. ಅದರ ಗೇರ್‌ಬಾಕ್ಸ್‌ನ ಹೆಸರು ವೇರಿಯೊಮ್ಯಾಟಿಕ್. ರೂಪಿಸಿದವರು ಹಬ್ ವ್ಯಾನ್ ಡೋರ್ನ್. ಮುಂದೆ ಹೋಗಲಿ, ಹಿಂದೆ ಹೋಗಲಿ, ಬೆಲ್ಟ್‌ಗೆ ಎಲ್ಲ ಅನುಪಾತವೂ ಸಿಗುತ್ತಿತ್ತು. ಹಾಗಾಗಿ ಕಾರು ರಿವರ್ಸ್‌ನಲ್ಲೂ ಮುಂದಿನಷ್ಟೇ ವೇಗವಾಗಿ ಓಡುತ್ತಿತ್ತು. ಅಲ್ಲಿನ ಜನ ಬಿಡುತ್ತಾರೆಯೇ? ಈ ಕಾರುಗಳಿಗೆ ರಿವರ್ಸ್ ರೇಸ್ ಇಟ್ಟರು. ಕತ್ತು ಹಿಂದಕ್ಕೆ ತಿರುಗಿಸಿಕೊಂಡು ಪೂರ್ತಿ ವೇಗದಲ್ಲಿ ಓಡಿಸುವುದನ್ನು ನೆನೆಸಿಕೊಂಡರೇ ಕುತ್ತಿಗೆ ನೋಯುತ್ತದೆ.

ರಬ್ಬರ್‌ನಿಂದ ದೊಡ್ಡ ಎಂಜಿನ್ ಎಳೆಯಲಾಗುವುದಿಲ್ಲ. ವ್ಯಾನ್ ಡೋರ್ನ್ ಅವರ ಎರಡನೆಯ ಕೊಡುಗೆ ಇನ್ನೂ ದೊಡ್ಡದು. ಅದು ಉಕ್ಕಿನ ಬೆಲ್ಟ್. ತೆಳ್ಳಗಿನ ಸುಮಾರು 400 ಉಕ್ಕಿನ ತುಣುಕುಗಳನ್ನು ಪುಸ್ತಕದ ಹಾಳೆಗಳಂತೆ ಒತ್ತಾಗಿ ಸಾಲಾಗಿ ಜೋಡಿಸುತ್ತಾರೆ. ಎರಡು ಪಕ್ಕದಲ್ಲಿ ಇನ್ನೂ ತೆಳ್ಳಗಿನ ಉಕ್ಕಿನ ಪಟ್ಟಿಗಳ ಕಟ್ಟು ಅವನ್ನು ಹಿಡಿದಿಡುತ್ತದೆ. ಈಗ ವಿಚಿತ್ರ ಕೇಳಿ. ಹಗ್ಗದಿಂದ ಎಳೆಯಬಹುದು, ಹಗ್ಗದಿಂದ ತಳ್ಳೋಕಾಗುತ್ತಾ? ಈ ಬೆಲ್ಟ್ ತಳ್ಳುತ್ತದೆ. ಒಂದು ತುಣುಕು ಮುಂದಿನದನ್ನು ತಳ್ಳುತ್ತದೆ, ಅದು ಅದರ ಮುಂದಿನದನ್ನು. ಇರುವೆ ಸಾಲಿನಲ್ಲಿ ಪ್ರತಿಯೊಂದೂ ಮುಂದಿನದಕ್ಕೆ ಗುದ್ದಿಕೊಂಡು ಹೋದ ಹಾಗೆ. ಮೊದಲ ಸಲ ಈ ಬೆಲ್ಟ್ ಕೈಗೆ ಬಂದಾಗ ನಾನು ಇದು ಎಳೆಯುವ ಚೈನ್ ಅಂತಲೇ ತಿಳಿದಿದ್ದೆ. ತಳ್ಳುವ ಬೆಲ್ಟ್ ಅಂತ ನಂಬಲು ಎರಡು ದಿನ ಬೇಕಾಯಿತು. 1987ರಲ್ಲಿ ಸುಬಾರು ಜಸ್ಟಿ ಈ ಬೆಲ್ಟ್ ಹಾಕಿಕೊಂಡು ರಸ್ತೆಗೆ ಬಂತು. ಎಳೆಯುವ ಚೈನ್ ಬಳಸುವ ಸಿವಿಟಿಗಳೂ ಇವೆ. 1999ರಲ್ಲಿ ಬಂದ ಆಡಿಯ ಮಲ್ಟಿಟ್ರಾನಿಕ್ ಅಂಥದ್ದು. ಚೈನ್ ಸ್ವಲ್ಪ ಜಾಸ್ತಿ ಭಾರ ತಡೆಯುತ್ತದೆ, ಸ್ವಲ್ಪ ಜಾಸ್ತಿ ಸದ್ದು ಮಾಡುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸಿವಿಟಿ ಅಂದರೆ ಟಾರ್ಕ್ ಕನ್ವರ್ಟರ್ ಇಲ್ಲದ್ದು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಬಹುತೇಕ ಸಿವಿಟಿ ಕಾರುಗಳಲ್ಲಿ ನಿಂತ ಕಾರನ್ನು ಹೊರಡಿಸುವುದು ಟಾರ್ಕ್ ಕನ್ವರ್ಟರೇ. ರಿವರ್ಸ್‌ಗೆ ಒಂದು ಗ್ರಹ ಗೇರ್ ಕೂಡ ಇರುತ್ತದೆ. ಹೈಬ್ರಿಡ್ ಕಾರುಗಳಲ್ಲಿ ಇ-ಸಿವಿಟಿ ಅಂತ ಬರೆದಿರುತ್ತಾರಲ್ಲ, ಅದರಲ್ಲಿ ಬಹಳ ಸಲ ಬೆಲ್ಟೇ ಇರುವುದಿಲ್ಲ. ಟೊಯೊಟಾ ಪ್ರಿಯಸ್‌ನಲ್ಲಿ ಒಂದು ಗ್ರಹ ಗೇರ್, ಎರಡು ಮೋಟಾರ್, ಅಷ್ಟೇ. ಹೆಸರು ಮಾತ್ರ ಸಿವಿಟಿ. ಇನ್ನು ಎಎಂಟಿ ಅನ್ನುವುದು ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಯಂತ್ರದ ಕೈ ಜೋಡಿಸಿದ್ದು. ಅದು ಇವತ್ತಿನ ಮಾತಲ್ಲ.

ಸಿವಿಟಿ ಎಲ್ಲಿ ಗೆಲ್ಲುತ್ತದೆ? ಪೆಟ್ರೋಲ್ ಎಂಜಿನ್ ತನ್ನ ಥ್ರಾಟಲ್ (ಗಾಳಿ ಒಳಗೆ ಬಿಡುವ ಬಾಗಿಲು) ಕಾಲುಭಾಗ ಮಾತ್ರ ತೆರೆದು ಓಡುವುದು ಅಂದರೆ ಮೂಗು ಮುಚ್ಚಿಕೊಂಡು ಓಡಿದ ಹಾಗೆ. ಗಾಳಿ ಎಳೆದುಕೊಳ್ಳಲಿಕ್ಕೇ ಅರ್ಧ ಉಸಿರು ಹೋಗುತ್ತದೆ. ಅದೇ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ, ಥ್ರಾಟಲ್ ಜಾಸ್ತಿ ತೆರೆದು ಪಡೆದರೆ ಪೆಟ್ರೋಲ್ ಕಡಿಮೆ ಸಾಕು. ಪ್ರತಿ ಎಂಜಿನ್‌ಗೂ ಹೀಗೆ ಕಡಿಮೆ ಕುಡಿದು ಜಾಸ್ತಿ ದುಡಿಯುವ ಒಂದು ಜಾಗ ಇರುತ್ತದೆ. ನಾಲ್ಕು ಗೇರ್‌ನ ಹಳೆಯ ಆಟೊಮ್ಯಾಟಿಕ್ ಆ ಜಾಗವನ್ನು ಆಗೊಮ್ಮೆ ಈಗೊಮ್ಮೆ ಹಾದುಹೋಗುತ್ತಿತ್ತು. ಸಿವಿಟಿ ಅಲ್ಲೇ ಬಿಡಾರ ಹೂಡಬಲ್ಲದು. ನಿಂತು ಹೊರಡುವ, ಮತ್ತೆ ನಿಲ್ಲುವ ಓಡಾಟದಲ್ಲಿ ಇದರ ಲಾಭ ಚೆನ್ನಾಗಿ ಕಾಣುತ್ತದೆ. ಜರ್ಕ್ ಇಲ್ಲದಿರುವುದು ಬೋನಸ್.

ಎಲ್ಲಿ ಸೋಲುತ್ತದೆ? ಹಲ್ಲಿಗೆ ಹಲ್ಲು ಸೇರಿದ ಗೇರ್ ಜಾರುವುದಿಲ್ಲ. ಒಂದು ಜೊತೆ ಗೇರ್‌ನಲ್ಲಿ ಹಾಳಾಗುವ ಶಕ್ತಿ ನೂರಕ್ಕೆ 1, 2 ಪಾಲು ಮಾತ್ರ. ಬೆಲ್ಟ್‌ಗೆ ಹಲ್ಲಿಲ್ಲ. ಅದು ಹಿಡಿದುಕೊಳ್ಳುವುದು ಒತ್ತಡದಿಂದ. ಎರಡು ಬುಗುರಿಗಳನ್ನು ಟನ್‌ಗಟ್ಟಲೆ ಬಲದಿಂದ ಒತ್ತಿ ಹಿಡಿಯಬೇಕು. ಕಾರು ಓಡುವಷ್ಟು ಹೊತ್ತೂ ಹಿಡಿದೇ ಇರಬೇಕು. ಆ ಒತ್ತಡ ಕೊಡುವ ಎಣ್ಣೆಯ ಪಂಪ್ ಎಂಜಿನ್‌ನಿಂದಲೇ ಶಕ್ತಿ ಕದಿಯುತ್ತದೆ. ಹಾಗಾಗಿ ದೊಡ್ಡ ರಸ್ತೆಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವಾಗ ಲೆಕ್ಕ ತಿರುಗುತ್ತದೆ. ಎಂಟು ಗೇರ್‌ನ ಆಟೊಮ್ಯಾಟಿಕ್ ಕೊನೆಯ ಗೇರ್ ಹಾಕಿ, ಕನ್ವರ್ಟರ್ ಲಾಕ್ ಮಾಡಿ, ಹಾಯಾಗಿ ಇರುತ್ತದೆ. ಸಿವಿಟಿ ಅಲ್ಲೂ ಮುಷ್ಟಿ ಬಿಗಿ ಹಿಡಿದೇ ಇರಬೇಕು. "ಮೈಲೇಜ್ ಯಾವುದಕ್ಕೆ ಜಾಸ್ತಿ" ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು, ನೀವು ಎಲ್ಲಿ ಓಡಿಸುತ್ತೀರಿ ಅಂತ.

ಈಗ ಕಿವಿಯ ವಿಷಯಕ್ಕೆ ಬರೋಣ.

ಆಕ್ಸಿಲರೇಟರ್ ಪೂರ್ತಿ ಒತ್ತಿ. ಮಾಮೂಲಿ ಗೇರ್‌ಬಾಕ್ಸ್‌ನಲ್ಲಿ ಎಂಜಿನ್ ಸದ್ದು ಏರುತ್ತದೆ, ಕಾರೂ ಏರುತ್ತದೆ. ಗೇರ್ ಬಿದ್ದಾಗ ಸದ್ದು ಇಳಿಯುತ್ತದೆ, ಮತ್ತೆ ಏರುತ್ತದೆ. ಚಿಕ್ಕಂದಿನಿಂದ ಕೇಳಿದ ರಾಗ ಅದು. ಮಕ್ಕಳು ಕಾರಿನ ಆಟ ಆಡುವಾಗ ಬಾಯಲ್ಲಿ ಸದ್ದು ಮಾಡುತ್ತಾರಲ್ಲ, ಗಮನಿಸಿ, ಅವರೂ ಗೇರ್ ಬದಲಿಸುತ್ತಾರೆ. ಸಿವಿಟಿ ಏನು ಮಾಡುತ್ತದೆ? ಎಂಜಿನ್ ಎಲ್ಲಿ ಪೂರ್ತಿ ಶಕ್ತಿ ಕೊಡುತ್ತದೋ ಆ ಸುತ್ತಿಗೆ ನೇರವಾಗಿ ಏರಿಸಿ ಅಲ್ಲೇ ನಿಲ್ಲಿಸುತ್ತದೆ. ಆಮೇಲೆ ಬೆಲ್ಟ್ ಸರಿಸುತ್ತಾ ಕಾರಿನ ವೇಗ ಏರಿಸುತ್ತದೆ. ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಿವಿಗೆ ಕೇಳುವುದು ಏರದ, ಇಳಿಯದ ಒಂದೇ ಊಳು. ಸದ್ದು ಏರುತ್ತಿಲ್ಲ, ಹಾಗಾದರೆ ಕಾರು ಓಡುತ್ತಿಲ್ಲ ಅಂತ ತಲೆ ತೀರ್ಮಾನಿಸಿಬಿಡುತ್ತದೆ. ಇದಕ್ಕೇ ರಬ್ಬರ್ ಬ್ಯಾಂಡ್ ಅಂತ ಜನ ಹೆಸರಿಟ್ಟು ಮೂಗು ಮುರಿದರು.

ಪೂರ್ತಿ ಕಿವಿಯದ್ದೇ ತಪ್ಪು ಅಂತ ಹೇಳಿದರೆ ಅನ್ಯಾಯವಾಗುತ್ತದೆ. 60ರಲ್ಲಿ 1500 ಸುತ್ತಿನಿಂದ 5000ಕ್ಕೆ ಹೋಗಬೇಕು ಅಂದೆನಲ್ಲ. ಎಂಜಿನ್‌ನೊಳಗಿನ ಭಾರದ ಭಾಗಗಳೂ ಆ ವೇಗಕ್ಕೆ ಏರಬೇಕು. ಅದಕ್ಕೆ ಶಕ್ತಿ ಬೇಕು. ಹಾಗಾಗಿ ಮೊದಲ ಕ್ಷಣದಲ್ಲಿ ಎಂಜಿನ್ ತನ್ನನ್ನೇ ಏರಿಸಿಕೊಳ್ಳುತ್ತಿರುತ್ತದೆ, ಚಕ್ರಕ್ಕೆ ಸಿಗುವುದು ಚೂರುಪಾರು. ಗೇರ್ ಇರುವ ಕಾರಿನಲ್ಲೂ ಹೀಗಾಗುತ್ತದೆ, ಆದರೆ ಟಪ್ ಅಂತ ಮುಗಿಯುತ್ತದೆ. ಸಿವಿಟಿ ಅದನ್ನು ಎಳೆದಾಡುತ್ತದೆ. ಕಾಲು ಒತ್ತಿದ್ದಕ್ಕೂ ಕಾರು ಮುಂದಕ್ಕೆ ಹಾರುವುದಕ್ಕೂ ನಡುವೆ ಒಂದು ಉಸಿರಿನಷ್ಟು ಅಂತರ ಉಳಿಯುತ್ತದೆ. ಆ ಅಂತರ ನಿಜವಾದದ್ದು, ಊಹೆ ಅಲ್ಲ.

ಆದರೆ ಸಿವಿಟಿ ನಿಧಾನ ಅನ್ನುವವರಿಗೆ ಒಂದು ಕತೆ ಇದೆ. 1993ರಲ್ಲಿ ವಿಲಿಯಮ್ಸ್ ತಂಡ ತನ್ನ ಎಫ್‌ಡಬ್ಲ್ಯೂ15ಸಿ ಫಾರ್ಮುಲಾ ಒನ್ ಕಾರಿಗೆ ಸಿವಿಟಿ ಹಾಕಿ ಪರೀಕ್ಷೆ ಮಾಡಿತು. ಓಡಿಸಿದ್ದು ಡೇವಿಡ್ ಕೂಲ್ತಾರ್ಡ್. ಆ ಓಟದ ಸದ್ದು ಕೇಳಿದರೆ ನಗು ಬರುತ್ತದೆ. ತಿರುವಿನಲ್ಲೂ ನೇರ ರಸ್ತೆಯಲ್ಲೂ ಎಂಜಿನ್ ಒಂದೇ ಶ್ರುತಿ ಹಿಡಿದು ಕಿರುಚುತ್ತದೆ. ಅದು ರೇಸಿಗೆ ಇಳಿಯಲೇ ಇಲ್ಲ. 1994ರ ನಿಯಮಗಳು ಸಿವಿಟಿಗೆ ಬಾಗಿಲು ಮುಚ್ಚಿದವು. ನಿಧಾನ ಅನ್ನುವ ಯಂತ್ರಕ್ಕೆ ಯಾರೂ ನಿಷೇಧ ಹಾಕುವುದಿಲ್ಲ, ಅಲ್ವಾ?

ಕಂಪನಿಗಳು ಈ ಕಿವಿಯ ಜಗಳವನ್ನು ಹೇಗೆ ಬಗೆಹರಿಸಿದವು ಗೊತ್ತೇ? ಸಿವಿಟಿಗೆ ಸುಳ್ಳು ಗೇರ್ ಕೊಟ್ಟರು. ಕಾಲು ಜೋರಾಗಿ ಒತ್ತಿದರೆ ಕಂಪ್ಯೂಟರ್ ಬೆಲ್ಟನ್ನು ಒಂದು ಜಾಗದಲ್ಲಿ ಹಿಡಿದು, ಎಂಜಿನ್ ಸುತ್ತು ಏರಲು ಬಿಟ್ಟು, ಥಟ್ಟನೆ ಇನ್ನೊಂದು ಜಾಗಕ್ಕೆ ಸರಿಸುತ್ತದೆ. ಆರು, ಏಳು "ಗೇರ್" ಅಂತ ಬರೆದುಕೊಳ್ಳುತ್ತಾರೆ. ಯಾವ ಮೆಟ್ಟಿಲು ಬೇಡ ಅಂತ ಇದನ್ನು ಕಟ್ಟಿದರೋ, ಆ ಮೆಟ್ಟಿಲನ್ನೇ ಅದಕ್ಕೆ ಬಣ್ಣ ಬಳಿದು ತೋರಿಸಿದ ಹಾಗೆ. ಎಂಜಿನಿಯರ್‌ಗಳಿಗೆ ಹೊಟ್ಟೆ ಉರಿದಿರಬೇಕು. ನನಗೂ ಮೊದಲು ಇದು ಮೋಸ ಅನ್ನಿಸಿತ್ತು. ಓಡಿಸಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಚೆನ್ನಾಗಿಯೇ ಇದೆ.

2018ರಲ್ಲಿ ಟೊಯೊಟಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಿವಿಟಿಯೊಳಗೆ ನಿಜವಾದ ಒಂದನೆಯ ಗೇರ್ ಹಾಕಿತು. ಕಾರು ಹೊರಡುವುದು ಗೇರ್‌ನಲ್ಲಿ, ಆಮೇಲೆ ಕೆಲಸ ಬೆಲ್ಟ್‌ಗೆ. ಬೆಲ್ಟ್‌ಗೆ ಅತಿ ಕಷ್ಟವಾಗುವುದು ಹೊರಡುವಾಗಲೇ. ಅದನ್ನು ತಪ್ಪಿಸಿದರೆ ಬೆಲ್ಟ್, ಬುಗುರಿ ಎರಡನ್ನೂ ಚಿಕ್ಕದಾಗಿ ಮಾಡಬಹುದು.

ಇತ್ತ ಮಾಮೂಲಿ ಆಟೊಮ್ಯಾಟಿಕ್ ಹತ್ತು ಗೇರ್ ಇಟ್ಟುಕೊಂಡು, ಒಂದರಿಂದ ಒಂದಕ್ಕೆ ಹೋದದ್ದೇ ಗೊತ್ತಾಗದಷ್ಟು ನಯವಾಗಿದೆ. ಮೆಟ್ಟಿಲುಗಳನ್ನು ಸಣ್ಣದಾಗಿಸುತ್ತಾ ಹೋದರೆ ಇಳಿಜಾರೇ ಆಗುತ್ತದೆ. ಅದು ಇದರಂತಾಗಲು ಹೊರಟಿದೆ, ಇದು ಅದರಂತಾಗಲು ಹೊರಟಿದೆ. ಡೈನಾಫ್ಲೋ ಕಾಲದಲ್ಲಿ ಜಾಗಗಳೇ ಅದಲುಬದಲಾಗಿದ್ದವು ಅನ್ನುವುದನ್ನು ನೆನೆದರೆ, ಈ ಎರಡು ಪಕ್ಷಗಳ ಜಗಳದಲ್ಲಿ ಯಾರ ಪರವೂ ನಿಲ್ಲಲು ನನಗೆ ಮನಸ್ಸಾಗುವುದಿಲ್ಲ.

ಹಾಳಾಗುವ ವಿಷಯಕ್ಕೆ ಬಂದರೆ ಮಾತ್ರ ಎರಡಕ್ಕೂ ವ್ಯತ್ಯಾಸ ಚೆನ್ನಾಗಿಯೇ ಇದೆ. ಎಣ್ಣೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಪೆಟ್ಟು ತಿಂದವನು ನಾನೇ. ಒಮ್ಮೆ ಪ್ರಯಾಣದಲ್ಲಿದ್ದಾಗ ನನ್ನದೇ ಸಿವಿಟಿ ಕಾರನ್ನು ಎಣ್ಣೆ ಬದಲಿಸಲು ಬೇರೆ ಒಂದು ವರ್ಕ್‌ಶಾಪ್‌ಗೆ ಬಿಟ್ಟೆ. ಅವರು ಮಾಮೂಲಿ ಆಟೊಮ್ಯಾಟಿಕ್‌ನ ಎಣ್ಣೆ ತುಂಬಿದರು. "ಎಲ್ಲ ಒಂದೇ ಸಾರ್" ಅಂದರಂತೆ. ಒಂದಲ್ಲ. ಆಟೊಮ್ಯಾಟಿಕ್‌ನ ಎಣ್ಣೆಯನ್ನು ಕ್ಲಚ್‌ಗಳು ನಯವಾಗಿ ಜಾರಿ ಸೇರಲಿ ಅಂತ ಮಾಡಿರುತ್ತಾರೆ. ಸಿವಿಟಿ ಎಣ್ಣೆ ಉಕ್ಕಿಗೆ ಉಕ್ಕು ಹಿಡಿದುಕೊಳ್ಳಲಿ ಅಂತ ಮಾಡಿದ್ದು. ಒಂದಕ್ಕೆ ಜಾರಬೇಕು, ಇನ್ನೊಂದಕ್ಕೆ ಹಿಡಿಯಬೇಕು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಚಳಿ ಜ್ವರ ಬಂದವರಂತೆ ನಡುಗತೊಡಗಿತು. ಗೇರ್‌ಬಾಕ್ಸ್ ರಿಪೇರಿ ಮಾಡುವವನ ಗೇರ್‌ಬಾಕ್ಸೇ ಹೀಗಾಯಿತು ಅಂತ ಗೆಳೆಯರು ಇವತ್ತಿಗೂ ನಗುತ್ತಾರೆ.

ಬೆಲ್ಟ್ ಒಂದು ಸಲ ಜೋರಾಗಿ ಜಾರಿದರೆ ಬುಗುರಿಯ ನುಣುಪಾದ ಮುಖದ ಮೇಲೆ ಗೀರು ಬೀಳುತ್ತದೆ. ಗೀರಿನಿಂದ ಉದುರಿದ ಉಕ್ಕಿನ ಪುಡಿ ಎಣ್ಣೆಗೆ ಸೇರುತ್ತದೆ. ಆ ಎಣ್ಣೆ ಸಣ್ಣ ಸಣ್ಣ ವಾಲ್ವ್‌ಗಳಿಗೆ ಹೋಗಿ ಒತ್ತಡ ಕೆಡಿಸುತ್ತದೆ. ಒತ್ತಡ ಕೆಟ್ಟರೆ ಬೆಲ್ಟ್ ಮತ್ತೆ ಜಾರುತ್ತದೆ. ಹೀಗೆ ಒಂದರ ಹಿಂದೆ ಒಂದು. ಕೆಸರಿನಲ್ಲಿ ಚಕ್ರ ಗಿರ್ರನೆ ತಿರುಗಿಸಿ, ಅದು ತಟ್ಟನೆ ಗಟ್ಟಿ ನೆಲ ಹಿಡಿದಾಗ ಬೀಳುವ ಹೊಡೆತ ಸಿವಿಟಿಗೆ ತುಂಬ ಕೆಟ್ಟದ್ದು. ಮಾಮೂಲಿ ಆಟೊಮ್ಯಾಟಿಕ್ ಹಾಳಾದರೆ ಸವೆದ ಕ್ಲಚ್ ತಟ್ಟೆಗಳನ್ನು ಬದಲಿಸಿ ಮತ್ತೆ ಓಡಿಸಬಹುದು. ಸಿವಿಟಿಯಲ್ಲಿ ಬೆಲ್ಟ್ ಹೋದರೆ ಸಾಮಾನ್ಯವಾಗಿ ಬುಗುರಿಗಳೂ ಹೋಗಿರುತ್ತವೆ. ಬಹಳ ಸಲ ಇಡೀ ಡಬ್ಬಿಯನ್ನೇ ಬದಲಿಸುತ್ತಾರೆ.

"ಜೀವಮಾನಕ್ಕೆ ಸಾಕಾಗುವ ಎಣ್ಣೆ" ಅನ್ನುವ ಮಾತನ್ನು ನಂಬಬೇಡಿ. ಯಾರ ಜೀವಮಾನ ಅಂತ ಅವರು ಬರೆದಿರುವುದಿಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಕಷ್ಟದ ಬಳಕೆಗೆ ಅಂತ ಬೇರೆ ಅವಧಿ ಕೊಟ್ಟಿದ್ದರೆ ಅದನ್ನು ಪಾಲಿಸಿ. ಬಿಸಿಲು, ಟ್ರಾಫಿಕ್, ಬೆಟ್ಟದ ದಾರಿ ಎಲ್ಲವೂ ಕಷ್ಟದ ಬಳಕೆಯೇ.

ಕೊನೆಗೆ ಪ್ರಶ್ನೆಗಳು. ಎಲ್ಲವನ್ನೂ ಬರೆಯುವುದಿಲ್ಲ.

ಬೆಟ್ಟ ಇಳಿಯುವಾಗ ಸಿವಿಟಿ ಕಾರು ಓಡಿಹೋದಂತೆ ಅನ್ನಿಸುತ್ತದೆ, ಯಾಕೆ ಅಂತ ಒಬ್ಬರು ಕೇಳಿದರು. ಡ್ರೈವ್‌ನಲ್ಲಿ ಬಿಟ್ಟರೆ ಇಂಧನ ಉಳಿಸಲು ಅದು ಎಂಜಿನ್ ಸುತ್ತನ್ನು ಇಳಿಸಿಬಿಡುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದರೆ ಎಂಜಿನ್ ಬ್ರೇಕ್, ಅಂದರೆ ಎಂಜಿನ್ನೇ ಕಾರನ್ನು ಹಿಡಿದು ತಡೆಯುವುದು, ಅಷ್ಟಾಗಿ ಸಿಗುವುದಿಲ್ಲ. ಲಿವರ್ ಮೇಲೆ ಎಲ್, ಬಿ ಅಥವಾ ಎಸ್ ಅಂತ ಏನಾದರೂ ಇರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಅದಕ್ಕೆ ಹಾಕಿ. ಬ್ರೇಕ್ ಸುಟ್ಟ ವಾಸನೆ ಬಂದ ಮೇಲೆ ಹಾಕಿ ಲಾಭವಿಲ್ಲ.

ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯಬಹುದಾ? ಎರಡಕ್ಕೂ ಒಂದೇ ಉತ್ತರ, ಬೇಡ. ಎಂಜಿನ್ ನಿಂತರೆ ಎಣ್ಣೆಯ ಪಂಪ್ ಕೂಡ ನಿಲ್ಲುತ್ತದೆ. ಚಕ್ರ ತಿರುಗುತ್ತಿದ್ದರೆ ಒಳಗಿನ ಭಾಗಗಳು ಒಣಗಿಕೊಂಡು ತಿರುಗುತ್ತವೆ. ಎಂಜಿನ್ ಶಕ್ತಿ ಹೋಗುವ ಚಕ್ರಗಳನ್ನು ನೆಲದಿಂದ ಮೇಲೆತ್ತಿಯೇ ಸಾಗಿಸಬೇಕು.

ಟ್ರೇಲರ್ ಎಳೆಯುವ, ತುಂಬ ಜನ ತುಂಬಿಕೊಂಡು ಘಟ್ಟ ಹತ್ತುವ ಕೆಲಸ ಜಾಸ್ತಿ ಇದ್ದರೆ? ಆಗ ನನ್ನ ಉತ್ತರದಲ್ಲಿ ಗೊಂದಲವಿಲ್ಲ, ಮಾಮೂಲಿ ಆಟೊಮ್ಯಾಟಿಕ್. ಬಿಸಿಯಾದರೆ ಸಿವಿಟಿಯ ಕಂಪ್ಯೂಟರ್ ತನ್ನನ್ನು ಉಳಿಸಿಕೊಳ್ಳಲು ಎಂಜಿನ್‌ನ ಶಕ್ತಿಯನ್ನೇ ಇಳಿಸುತ್ತದೆ. ಘಟ್ಟದ ನಡುವೆ ಅದು ಯಾರಿಗೂ ಬೇಡ.

ಎಲ್ಲರೂ ಏಳುತ್ತಿದ್ದಾಗ ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಒಬ್ಬರು ಕೈ ಎತ್ತಿದರು. "ನಂಗೆ ಕಿವಿ ಸ್ವಲ್ಪ ಮಂದ. ಹಾಗಾದ್ರೆ ನಂಗೆ ಸಿವಿಟಿನೇ ಸರಿ ಅಲ್ವಾ?" ಎಲ್ಲರೂ ನಕ್ಕರು. ನಾನು ಎಲ್ಲಿ ಓಡಿಸುತ್ತೀರಿ ಅಂತ ಕೇಳಿದೆ. ಸಿಟಿಯೊಳಗೇ, ಮಗಳ ಮನೆಗೆ, ಆಸ್ಪತ್ರೆಗೆ, ಅಷ್ಟೇ ಅಂದರು. ಭಾರ ಎಳೆಯುತ್ತೀರಾ ಅಂದೆ. "ನನ್ನ ಭಾರ ಎಳೆದ್ರೆ ಸಾಕಾಗಿದೆ" ಅಂದರು. ಹಾಗಾದರೆ ಸಿವಿಟಿನೇ ತಗೊಳ್ಳಿ, ಎಣ್ಣೆ ಬದಲಿಸುವಾಗ ಮಾತ್ರ ಪಕ್ಕದಲ್ಲೇ ನಿಂತು ಡಬ್ಬಿಯ ಮೇಲಿನ ಹೆಸರು ಓದಿ ಅಂದೆ.